ವೆನಿಸ್ ನೋಡುವುದು, ವೆನಿಸ್ ಉಣ್ಣುವುದು: ಮೂರು ದಿನಕ್ಕೊಂದು ಸಮಗ್ರ ಮಾರ್ಗದರ್ಶಿ

ವೆನಿಸ್‌ನ ರಿಯಾಲ್ಟೊ ಮೀನು ಮಾರುಕಟ್ಟೆಗೆ ಬೆಳಗ್ಗೆ ಎಂಟರ ಹೊತ್ತಿಗೆ ಹೋಗಿ ನಿಂತರೆ ಕರಾವಳಿಯವರಿಗೆ ಊರು ನೆನಪಾಗುತ್ತದೆ. ಮಂಜುಗಡ್ಡೆಯ ಮೇಲೆ ಬೂತಾಯಿ, ಸಿಗಡಿ, ಮಸಿ ಸೋರುತ್ತಿರುವ ಬೊಂಡಾಸ. ಒದ್ದೆ ನೆಲ, ಮಾರುವವರ ಕೂಗು, ತಲೆಯ ಮೇಲೆ ಸುತ್ತುವ ಕಡಲಹಕ್ಕಿಗಳು. ಲಾರಿ, ಟೆಂಪೊ ಮಾತ್ರ ಎಲ್ಲೂ ಕಾಣುವುದಿಲ್ಲ. ಸರಕೆಲ್ಲ ದೋಣಿಯಲ್ಲೇ ಬಂದು ಇಳಿಯುತ್ತದೆ.

ಈ ಊರನ್ನು ಇಲ್ಲಿಂದಲೇ ನೋಡಲು ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೆಚ್ಚಿನವರು ರೈಲಿನಿಂದ ಇಳಿದು ನೇರ ಸಾನ್ ಮಾರ್ಕೊ ಚೌಕಕ್ಕೆ ಹೋಗುತ್ತಾರೆ. ಫೋಟೊ ತೆಗೆದು ಸಂಜೆಗೆ ವಾಪಸ್. ಅವರಿಗೆ ಚಂದದ ಕಟ್ಟಡಗಳು ಕಾಣಿಸುತ್ತವೆ. ಅದನ್ನೆಲ್ಲ ಕಟ್ಟಲು ದುಡ್ಡು ಎಲ್ಲಿಂದ ಬಂತು ಅನ್ನುವುದು ಗೊತ್ತಾಗಬೇಕಾದರೆ ರಿಯಾಲ್ಟೊಗೆ ಬರಬೇಕು. ಮಾರುಕಟ್ಟೆ ಪಕ್ಕದ ಒಂದು ಬೀದಿಯ ಹೆಸರು ರೂಗಾ ದೇಯಿ ಸ್ಪೆಸಿಯೇರಿ, ಅಂದರೆ ಸಾಂಬಾರ ಪದಾರ್ಥದ ವ್ಯಾಪಾರಿಗಳ ಬೀದಿ. ಮಲಬಾರಿನ, ನಮ್ಮ ಪಶ್ಚಿಮ ಕರಾವಳಿಯ ಕಾಳುಮೆಣಸು ಅರಬ್ ವ್ಯಾಪಾರಿಗಳ ಹಡಗಿನಲ್ಲಿ ಕೆಂಪು ಸಮುದ್ರಕ್ಕೆ ಹೋಗಿ, ಅಲೆಕ್ಸಾಂಡ್ರಿಯಾ ತಲುಪಿ, ಅಲ್ಲಿ ವೆನಿಸ್‌ನವರ ಹಡಗು ಹತ್ತಿ ಇಲ್ಲಿಗೆ ಬರುತ್ತಿತ್ತು. ರಿಯಾಲ್ಟೊ ಸೇತುವೆಯ ಆಚೆ ಕಾಣುವ ದೊಡ್ಡ ಚೌಕಾಕಾರದ ಕಟ್ಟಡ ಫೊಂಡಾಕೊ ದೇಯಿ ತೆದೆಸ್ಕಿ. ಜರ್ಮನ್ ವ್ಯಾಪಾರಿಗಳು ಅಲ್ಲೇ ಉಳಿದು, ಮೆಣಸು ಕೊಂಡು ಉತ್ತರಕ್ಕೆ ಸಾಗಿಸುತ್ತಿದ್ದರು.

ನಮಗೂ ಈ ಊರಿಗೂ ಇನ್ನೂ ಒಂದು ನಂಟಿದೆ. ವೆನಿಸ್‌ನ ಪಕ್ಕದ ಕಿಯೋಜಾದ ನಿಕೊಲೊ ದೆ ಕೊಂತಿ ಎಂಬ ವ್ಯಾಪಾರಿ ಸುಮಾರು 1420ರಲ್ಲಿ ವಿಜಯನಗರಕ್ಕೆ ಬಂದಿದ್ದ. ನಗರದ ಸುತ್ತಳತೆ 60 ಮೈಲಿ ಎಂದ, ಅಲ್ಲಿನ ಹಬ್ಬಗಳನ್ನು ವರ್ಣಿಸಿದ. ಹಂಪಿಯ ಇತಿಹಾಸ ಓದುವವರು ಇವತ್ತಿಗೂ ಅವನ ಮಾತನ್ನು ಉದ್ಧರಿಸುತ್ತಾರೆ. ಇಷ್ಟು ಗೊತ್ತಿದ್ದರೆ ಸಾಕು, ರಿಯಾಲ್ಟೊದ ಕಲ್ಲುಗಳು ಬೇರೆಯೇ ಕಾಣುತ್ತವೆ.

ಹೋಗುವ ಮೊದಲು

ಮೂರು ದಿನ ಇಟ್ಟುಕೊಳ್ಳಿ. ಮಂಗಳವಾರದಿಂದ ಶನಿವಾರದ ಒಳಗೆ ಬರುವ ಹಾಗೆ ನೋಡಿಕೊಳ್ಳಿ. ಮೀನು ಮಾರುಕಟ್ಟೆ ಭಾನುವಾರ, ಸೋಮವಾರ ಇರುವುದಿಲ್ಲ. ತರಕಾರಿ ಅಂಗಡಿಗಳು ಸೋಮವಾರವೂ ತೆರೆದಿರುತ್ತವೆ. ಸೋಮವಾರ ಬೆಳಗ್ಗೆಯ ಮಾರುಕಟ್ಟೆ ಟೂರ್ ಯಾರಾದರೂ ಮಾರಿದರೆ, ಏನು ತೋರಿಸುತ್ತೀರಿ ಎಂದು ಕೇಳಿಯೇ ದುಡ್ಡು ಕೊಡಿ.

ಉಳಿಯುವುದು ಹಳೆಯ ಊರಿನಲ್ಲೇ ಆದರೆ ಒಳ್ಳೆಯದು. ನೀರಿನಾಚೆ ಮುಖ್ಯ ನೆಲದ ಮೇಲಿರುವ ಮೆಸ್ತ್ರೆಯಲ್ಲಿ ರೂಮು ಅಗ್ಗ, ರೈಲಿನಲ್ಲಿ ಹತ್ತೇ ನಿಮಿಷ. ಆದರೆ ವೆನಿಸ್‌ನ ಅತ್ಯುತ್ತಮ ಹೊತ್ತು ಬೆಳಗ್ಗೆ ಒಂಬತ್ತರ ಒಳಗೆ ಮತ್ತು ರಾತ್ರಿ ಎಂಟರ ನಂತರ. ದಿನದ ಪ್ರವಾಸಿಗರು ಆಗ ಇರುವುದಿಲ್ಲ. ಕಾಲುವೆಯ ನೀರು ಕಲ್ಲಿಗೆ ಬಡಿಯುವ ಸದ್ದು ಕೇಳಿಸುತ್ತದೆ. ಅದಕ್ಕಾಗಿ ಒಂದು ರಾತ್ರಿಯಾದರೂ ಒಳಗೆ ಉಳಿಯಿರಿ.

2024ರಿಂದ ವೆನಿಸ್ ನಗರಸಭೆ ದಿನದ ಪ್ರವಾಸಿಗರಿಂದ ಪ್ರವೇಶ ಶುಲ್ಕ ತೆಗೆದುಕೊಳ್ಳುತ್ತಿದೆ. ಎಲ್ಲ ದಿನವೂ ಅಲ್ಲ, ವಸಂತ ಮತ್ತು ಬೇಸಿಗೆಯ ಜನ ಜಾಸ್ತಿ ಇರುವ ಕೆಲವು ದಿನಗಳಲ್ಲಿ ಮಾತ್ರ. 2025ರಲ್ಲಿ ಮುಂಚೆಯೇ ಕಟ್ಟಿದವರಿಗೆ 5 ಯೂರೋ, ಕೊನೆ ಗಳಿಗೆಯಲ್ಲಿ ಕಟ್ಟಿದವರಿಗೆ 10 ಯೂರೋ ಇತ್ತು. ನಗರಸಭೆಯ ವ್ಯಾಪ್ತಿಯಲ್ಲಿ ರಾತ್ರಿ ಉಳಿಯುವವರು ಇದನ್ನು ಕಟ್ಟಬೇಕಿಲ್ಲ, ಆದರೆ ವಿನಾಯಿತಿಯ ಕ್ಯೂಆರ್ ಕೋಡ್ ಪಡೆದಿರಬೇಕು. ನೀವು ಹೋಗುವ ದಿನ ಪಟ್ಟಿಯಲ್ಲಿದೆಯೇ ಎಂದು ನಗರಸಭೆಯ ಜಾಲತಾಣದಲ್ಲೇ ನೋಡಿ.

ಚಕ್ರದ ಸೂಟ್‌ಕೇಸ್ ಚಿಕ್ಕದಿರಲಿ. ಊರಲ್ಲಿ ನಾನೂರಕ್ಕೂ ಜಾಸ್ತಿ ಸೇತುವೆಗಳಿವೆ, ಬಹುಪಾಲು ಎಲ್ಲಕ್ಕೂ ಮೆಟ್ಟಿಲು. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಹೋಟೆಲ್ ಬುಕ್ ಮಾಡುವ ಮುಂಚೆ ಒಂದು ಪ್ರಶ್ನೆ ಕೇಳಿ: ಹತ್ತಿರದ ದೋಣಿ ನಿಲ್ದಾಣದಿಂದ ನಿಮ್ಮಲ್ಲಿಗೆ ಎಷ್ಟು ಸೇತುವೆ? ಹೋಟೆಲಿನವರು ಸರಿಯಾಗಿಯೇ ಹೇಳುತ್ತಾರೆ.

ದಾರಿಯ ಹೆಸರು ಓದುವುದು

ಊರು ಆರು ಭಾಗಗಳಾಗಿದೆ: ಕನ್ನರೇಜೊ, ಕಸ್ತೆಲ್ಲೊ, ಸಾನ್ ಮಾರ್ಕೊ, ದೊರ್ಸೊದೂರೊ, ಸಾನ್ ಪೋಲೊ, ಸಾಂತಾ ಕ್ರೋಚೆ. ಮನೆ ನಂಬರು ಬೀದಿಗೆ ತಕ್ಕ ಹಾಗಿಲ್ಲ, ಇಡೀ ಭಾಗಕ್ಕೆ ಒಂದೇ ಸಾಲಿನಲ್ಲಿ ಸಾವಿರಗಟ್ಟಲೆ ಓಡುತ್ತದೆ. ಹಾಗಾಗಿ ಬರೀ ನಂಬರು ಹಿಡಿದು ಹುಡುಕಿದರೆ ಸುಸ್ತಾಗುತ್ತೀರಿ. ಕಲ್ಲೆ ಅಂದರೆ ಓಣಿ. ಕಾಂಪೊ ಅಂದರೆ ಬಯಲು. ರಿಯೊ ಅಂದರೆ ಚಿಕ್ಕ ಕಾಲುವೆ. ಫೊಂಡಮೆಂಟಾ ಅಂದರೆ ಕಾಲುವೆಯ ಪಕ್ಕದ ದಾರಿ. ಕಾಲುವೆ ಮುಚ್ಚಿ ಮಾಡಿದ ಬೀದಿ ರಿಯೊ ತೆರಾ. ಈ ಐದು ಪದ ಕಲಿತರೆ ಬೋರ್ಡು ನೋಡಿದ ಕೂಡಲೇ ಮುಂದೆ ನೀರು ಸಿಗುತ್ತದೋ ಬಯಲು ಸಿಗುತ್ತದೋ ಅಂದಾಜಾಗುತ್ತದೆ. ಗೋಡೆಗಳ ಮೇಲಿನ ಹಳದಿ ಬೋರ್ಡುಗಳು ರಿಯಾಲ್ಟೊ, ಸಾನ್ ಮಾರ್ಕೊ, ರೈಲು ನಿಲ್ದಾಣದ ದಿಕ್ಕು ತೋರಿಸುತ್ತವೆ.

ಯಾವುದಕ್ಕೆ ಗೈಡ್ ಬೇಕು?

ಎಲ್ಲದಕ್ಕೂ ಟೂರ್ ತೆಗೆದುಕೊಳ್ಳಬೇಡಿ. ಮೂರು ದಿನದಲ್ಲಿ ಎರಡು ಟೂರ್ ಸಾಕು. ಒಂದು ಊಟ ತಿಂಡಿಯದು, ಇನ್ನೊಂದು ಅರಮನೆಯದು. ಉಳಿದ ಹೊತ್ತು ಸುಮ್ನೆ ನಡೆಯಿರಿ.

ಊಟದ ಟೂರ್ ಆರಿಸುವಾಗ ನಾಲ್ಕು ವಿಷಯ ಕೇಳಿ. ಗುಂಪಿನಲ್ಲಿ ಎಷ್ಟು ಜನ? ಎಷ್ಟು ಕಡೆ ನಿಲ್ಲುತ್ತೀರಿ, ಪ್ರತಿ ಕಡೆ ಏನು ತಿನ್ನಲು ಕೊಡುತ್ತೀರಿ? ಗೈಡ್‌ಗೆ ಪರವಾನಗಿ ಇದೆಯೇ? ಮಾಂಸ, ಮೀನು ತಿನ್ನದವರಿಗೆ ಅದೇ ಅಂಗಡಿಯಲ್ಲಿ ಬೇರೆ ತಿಂಡಿ ಸಿಗುತ್ತದೆಯೇ? 2024ರ ಆಗಸ್ಟ್‌ನಿಂದ ವೆನಿಸ್‌ನಲ್ಲಿ ಗೈಡ್ ಗುಂಪಿನಲ್ಲಿ 25ಕ್ಕಿಂತ ಜಾಸ್ತಿ ಜನ ಇರುವಂತಿಲ್ಲ, ಧ್ವನಿವರ್ಧಕ ಬಳಸುವಂತಿಲ್ಲ. ಆದರೆ ಊಟದ ಟೂರ್‌ಗೆ 25 ಕೂಡ ತುಂಬಾ ಜಾಸ್ತಿ. ಇಲ್ಲಿನ ಹಳೆಯ ವೈನ್ ಅಂಗಡಿಗಳು ನಮ್ಮ ದರ್ಶಿನಿಗಿಂತ ಚಿಕ್ಕವು. ಎಂಟು ಹತ್ತು ಜನರ ಗುಂಪು ನೋಡಿ.

ನಾನು ಮೊದಲ ಸಲ ಹೋದಾಗ ಅಗ್ಗ ಎಂದು ಒಂದು ದೊಡ್ಡ ಗುಂಪಿನ ಟೂರ್ ಬುಕ್ ಮಾಡಿದ್ದೆ. ಮೂರು ಕಡೆ ನಿಲ್ಲಿಸಿದರು. ಮೂರರಲ್ಲೂ ಮುಂಚೆಯೇ ತಟ್ಟೆಗೆ ಹಾಕಿಟ್ಟ ಒಣಗಿದ ಬ್ರೆಡ್ಡು. ಗೈಡ್ ಮಾತು ಹಿಂದಿನ ಸಾಲಿಗೆ ಕೇಳಲಿಲ್ಲ. ಎರಡನೇ ಸಲ ಏಳು ಜನರ ಗುಂಪು ಸಿಕ್ಕಿತು. ಗೈಡ್ ಅಲ್ಲಿಯೇ ಹುಟ್ಟಿ ಬೆಳೆದ ಹೆಂಗಸು. ಮೀನು ಮಾರುವವರ ಹೆಸರು ಹಿಡಿದು ಮಾತಾಡಿಸಿ, ಇವತ್ತು ಏನು ಒಳ್ಳೆಯದು ಎಂದು ಕೇಳಿ, ಅದನ್ನೇ ಮುಂದಿನ ಅಂಗಡಿಯಲ್ಲಿ ತಿನ್ನಿಸಿದರು. ಎರಡು ಟೂರ್‌ಗಳ ಬೆಲೆಯಲ್ಲಿ ಇದ್ದದ್ದು ಒಂದು ಊಟದಷ್ಟು ವ್ಯತ್ಯಾಸ.

ಟೂರ್ ಮೊದಲ ದಿನವೇ ಇರಲಿ. ಅವತ್ತು ಕಲಿತದ್ದನ್ನು ಉಳಿದ ಎರಡು ದಿನ ನೀವೇ ಬಳಸಬಹುದು.

ಮೊದಲ ಬೆಳಗ್ಗೆ: ರಿಯಾಲ್ಟೊ

ಟೂರ್ ಹತ್ತು ಗಂಟೆಗಿದ್ದರೆ ನೀವು ಎಂಟಕ್ಕೇ ಹೋಗಿ. ಮೀನು ಮಾರುಕಟ್ಟೆಯ ಕಂಬಗಳ ಕಟ್ಟಡ ಹಳೆಯದರಂತೆ ಕಂಡರೂ 1907ರದು. ಗೋಡೆಯ ಮೇಲೊಂದು ಕಲ್ಲು ಹುಡುಕಿ. ಯಾವ ಮೀನು ಎಷ್ಟು ಉದ್ದ ಆದ ಮೇಲೆ ಮಾರಬಹುದು ಎಂದು ಅದರಲ್ಲಿ ಕೆತ್ತಿದ್ದಾರೆ. ಮರಿ ಮೀನು ಹಿಡಿಯಬಾರದು ಎಂಬ ಕಾನೂನನ್ನು ಕಲ್ಲಿನಲ್ಲೇ ಬರೆದಿಟ್ಟ ಊರಿದು. ನನಗೆ ಈ ಕಲ್ಲು ಸಾನ್ ಮಾರ್ಕೊ ಚರ್ಚಿನ ಚಿನ್ನಕ್ಕಿಂತ ಇಷ್ಟ.

ತರಕಾರಿ ಸಾಲಿನಲ್ಲಿ ನಿಂಬೆ ನೀರಿನಲ್ಲಿ ತೇಲುವ ಬಿಳಿ ಬಿಲ್ಲೆಗಳು ಕಾಣುತ್ತವೆ. ಅದು ಆರ್ಟಿಚೋಕ್ ಮೊಗ್ಗಿನ ತಳ. ಮಾರುವವರು ಚಾಕುವಿನಲ್ಲಿ ಸರಸರ ಎಸಳು ಕಿತ್ತು ತಳವನ್ನಷ್ಟೇ ಉಳಿಸುತ್ತಾರೆ. ಜೊತೆಗೆ ಬಂದಿದ್ದ ಅಮ್ಮ ಅದನ್ನು ನೋಡಿ "ನಮ್ಮ ಬಾಳೆಹೂವು ಬಿಡಿಸಿದ ಹಾಗೇ ಇದೆ ಅಲ್ವಾ?" ಅಂದರು. ಕಪ್ಪಾಗದಿರಲಿ ಎಂದು ಹುಳಿ ನೀರಿಗೆ ಹಾಕುವುದೂ ಅದೇ. ವಸಂತದಲ್ಲಿ ಹೋದರೆ ಸಾಂತ್ ಎರಾಸ್ಮೊ ದ್ವೀಪದ ಎಳೆ ಮೊಗ್ಗು ಬರುತ್ತದೆ. ಕಸ್ತ್ರಾವುರೆ ಎನ್ನುತ್ತಾರೆ. ಗಿಡದ ಮೊದಲ ಮೊಗ್ಗು, ಕೆಲವೇ ವಾರ ಸಿಗುತ್ತದೆ. ಚಳಿಗಾಲದಲ್ಲಿ ತ್ರೆವೀಜೊದ ಕೆಂಪು ರಾದಿಕ್ಯೊ ಸೊಪ್ಪು.

ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುವವರ ದಾರಿಗೆ ಅಡ್ಡ ನಿಲ್ಲಬೇಡಿ. ಹಣ್ಣು ತರಕಾರಿ ಕೈಯಲ್ಲಿ ಮುಟ್ಟಿ ನೋಡುವ ಅಭ್ಯಾಸ ಅಲ್ಲಿಲ್ಲ, ತೋರಿಸಿ ಕೇಳಿ. ಊರಿನ ಜನಸಂಖ್ಯೆ ಇಳಿದ ಹಾಗೆ ಮೀನಿನ ಅಂಗಡಿಗಳೂ ಕಡಿಮೆಯಾಗುತ್ತಾ ಬಂದಿವೆ. ಫೋಟೊ ತೆಗೆದ ಅಂಗಡಿಯಲ್ಲಿ ಅರ್ಧ ಕಿಲೋ ಚೆರಿ ಹಣ್ಣಾದರೂ ಕೊಳ್ಳಿ.

ಬಾಕಾರೊದಲ್ಲಿ ತಿನ್ನುವ ಕ್ರಮ

ಬಾಕಾರೊ ಅಂದರೆ ನಿಂತು ತಿನ್ನುವ, ಚಿಕ್ಕ ಲೋಟದಲ್ಲಿ ವೈನ್ ಕೊಡುವ ಅಂಗಡಿ. ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಇಟ್ಟಿರುವ ತುತ್ತುಗಳೇ ಚಿಕೆಟ್ಟಿ. ಒಂದಕ್ಕೆ ಸುಮಾರು 2ರಿಂದ 4 ಯೂರೋ. ಚಿಕ್ಕ ಲೋಟದ ವೈನ್‌ಗೆ ಓಂಬ್ರಾ ಎನ್ನುತ್ತಾರೆ. ಓಂಬ್ರಾ ಅಂದರೆ ನೆರಳು. ಸಾನ್ ಮಾರ್ಕೊ ಗಂಟೆ ಗೋಪುರದ ನೆರಳಿನಲ್ಲಿ ವೈನ್ ಮಾರುತ್ತಿದ್ದರಿಂದ ಈ ಹೆಸರು ಬಂತೆಂದು ಊರಿನವರು ಹೇಳುತ್ತಾರೆ.

ಕ್ರಮ ಹೀಗೆ. ಒಳಗೆ ಹೋಗಿ, "ಬೊನ್‌ಜೋರ್ನೊ" ಎಂದು ನಮಸ್ಕಾರ ಹೇಳಿ. ಪೆಟ್ಟಿಗೆಯ ಮುಂದೆ ನಿಂತು ಎರಡು ಮೂರು ಚಿಕೆಟ್ಟಿ ಬೆರಳಲ್ಲಿ ತೋರಿಸಿ. ಕುಡಿಯಲು ಒಂದು ಹೇಳಿ. ತಟ್ಟೆ ಹಿಡಿದು ಪಕ್ಕಕ್ಕೆ ಸರಿಯಿರಿ, ಇಲ್ಲವೇ ಹೊರಗೆ ಹೋಗಿ ನಿಂತು ತಿನ್ನಿ. ಹೆಚ್ಚಿನ ಕಡೆ ದುಡ್ಡು ತಿಂದಾದ ಮೇಲೆ. ಮುಗಿಸಿ ಮುಂದಿನ ಅಂಗಡಿಗೆ. ಒಂದೇ ಕಡೆ ಹೊಟ್ಟೆ ತುಂಬಿಸಿಕೊಂಡರೆ ಆಟ ಮುಗಿಯಿತು. ಪ್ರತಿ ಅಂಗಡಿಗೂ ಒಂದೊಂದು ಕೈಹದ ಇರುತ್ತದೆ. ಮೂರು ನಾಲ್ಕು ಕಡೆ ಸುತ್ತಿದರೆ ಅದೇ ರಾತ್ರಿಯ ಊಟ.

ಮದ್ಯ ಬೇಡದವರಿಗೆ ಮುಜುಗರ ಬೇಡ. ಒಂದು ಲೋಟ ನೀರು ಅಥವಾ ಜ್ಯೂಸ್ ಕೇಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಮೀನು ತಿನ್ನುವವರು ಎರಡನ್ನು ತಪ್ಪಿಸಬಾರದು. ಮೊದಲನೆಯದು ಬಕ್ಕಲಾ ಮಾಂತೆಕಾತೊ. ಕಾಡ್ ಎಂಬ ಮೀನನ್ನು ಉಪ್ಪಿಲ್ಲದೆ ಗಾಳಿಯಲ್ಲೇ ಒಣಗಿಸಿ, ನೆನೆಸಿ, ಬೇಯಿಸಿ, ಎಣ್ಣೆ ಹನಿಸುತ್ತಾ ಬೆಣ್ಣೆಯಂತಾಗುವ ತನಕ ಬಡಿಯುತ್ತಾರೆ. ಅದನ್ನು ಬ್ರೆಡ್ಡಿನ ಮೇಲೋ ಪೊಲೆಂತಾದ ಮೇಲೋ ಹಚ್ಚಿ ಕೊಡುತ್ತಾರೆ. ಪೊಲೆಂತಾ ಎಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆಯೇ, ಇಲ್ಲಿ ಬಿಳಿಯದು. ಈ ಒಣಮೀನು ವೆನಿಸ್‌ನ ಕಡಲಿನದಲ್ಲ. 1431ರಲ್ಲಿ ಪಿಯೆತ್ರೊ ಕ್ವೆರೀನಿ ಎಂಬ ವೆನಿಸ್ ಕಪ್ತಾನ ಕ್ರೀಟ್‌ನಿಂದ ಫ್ಲಾಂಡರ್ಸ್‌ಗೆ ವೈನ್ ಸಾಗಿಸುವಾಗ ಬಿರುಗಾಳಿಗೆ ಸಿಕ್ಕ. ಬದುಕಿ ಉಳಿದ ಕೆಲವರೊಡನೆ 1432ರ ಜನವರಿಯಲ್ಲಿ ನಾರ್ವೆಯ ರೋಸ್ಟ್ ದ್ವೀಪ ಸೇರಿದ. ಅಲ್ಲಿನ ಬೆಸ್ತರು ಅವರನ್ನು ಮನೆಯಲ್ಲಿಟ್ಟು ಸಾಕಿದರು. ತಿನ್ನಲು ಕೊಟ್ಟದ್ದು ಈ ಒಣಮೀನು. ಊರಿಗೆ ಮರಳಿದ ಕ್ವೆರೀನಿ ಅದರ ಸುದ್ದಿಯನ್ನು ತಂದ. ಇವತ್ತಿಗೂ ಈ ಮೀನು ನಾರ್ವೆಯ ಆ ಕಡೆಯಿಂದಲೇ ಬರುತ್ತದೆ.

ಎರಡನೆಯದು ಸಾರ್ದೆ ಇನ್ ಸಾವೋರ್. ನಮ್ಮ ಬೂತಾಯಿಯ ದಾಯಾದಿ ಮೀನನ್ನು ಹುರಿದು, ಬಾಡಿಸಿದ ರಾಶಿ ಈರುಳ್ಳಿ, ವಿನೆಗರ್, ಒಣದ್ರಾಕ್ಷಿ, ಪೈನ್ ಬೀಜದ ಜೊತೆ ಪದರ ಪದರವಾಗಿ ಇಡುತ್ತಾರೆ. ಒಂದು ದಿನ ಕಳೆದರೇ ರುಚಿ. ಕಡಲಿಗೆ ಹೋಗುವವರ ಬುತ್ತಿ ಇದು, ಹುಳಿಯಲ್ಲಿ ಮೀನು ಕೆಡದೆ ಉಳಿಯುತ್ತದೆ. ಹಿಂದಿನ ದಿನದ ಮೀನು ಸಾರಿನ ರುಚಿ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ.

ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಕಾಂತೀನಾ ದೊ ಮೋರಿ ಇದೆ. 1462ರಿಂದ ನಡೆಯುತ್ತಿದೆ ಎನ್ನುತ್ತಾರೆ. ಮಾಡಿನಿಂದ ತಾಮ್ರದ ಕೊಡಗಳು ನೇತಾಡುತ್ತವೆ, ಕೂರಲು ಕುರ್ಚಿ ಇಲ್ಲ. ದೊರ್ಸೊದೂರೊದಲ್ಲಿ ಸಾನ್ ತ್ರೊವಾಜೊ ಕಾಲುವೆಯ ಬದಿಯಲ್ಲಿ ಸ್ಕ್ಯಾವಿ ಎಂಬ ಅಂಗಡಿ. ಬ್ರೆಡ್ಡಿನ ಮೇಲೆ ಚೀಸ್, ಮೀನು, ತರಕಾರಿಯ ಬಗೆಬಗೆ ಹಚ್ಚುಗಳು ಅಲ್ಲಿ ಹೆಸರುವಾಸಿ. ತಟ್ಟೆ ಹಿಡಿದು ಹೊರಗೆ ಬಂದರೆ ಆಚೆ ದಡದಲ್ಲಿ ಗೊಂಡೊಲಾ ಕಟ್ಟುವ, ರಿಪೇರಿ ಮಾಡುವ ಹಳೆಯ ಕಟ್ಟೆ ಕಾಣುತ್ತದೆ. ಸಂಜೆ ಆರರ ನಂತರ ಕನ್ನರೇಜೊದ ಫೊಂಡಮೆಂಟಾ ದೆಲ್ಲಾ ಮಿಸೆರಿಕೋರ್ದಿಯಾಗೆ ಹೋಗಿ. ಕಾಲುವೆಯುದ್ದಕ್ಕೂ ಬಾಕಾರೊಗಳು, ಕಲ್ಲುಕಟ್ಟೆಯ ಮೇಲೆ ಕೂತ ಊರಿನ ಹುಡುಗ ಹುಡುಗಿಯರು. ಮಾರುಕಟ್ಟೆ ಸುತ್ತಲಿನ ಕೆಲವು ಅಂಗಡಿಗಳು ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತವೆ, ಅವುಗಳಿಗೆ ಬೆಳಗ್ಗೆಯೇ ಹೋಗಬೇಕು.

ಸಸ್ಯಾಹಾರಿಗಳು ಇಲ್ಲಿ ಏನು ತಿನ್ನಬೇಕು

ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮೂರು ದಿನ ಚೆನ್ನಾಗಿಯೇ ಉಂಡರು. ಆದರೆ ತಯಾರಿ ಬೇಕು.

ಗಂಡಸರು "ಸೊನೊ ವೆಜೆತರಿಯಾನೊ" ಎನ್ನಿ, ಹೆಂಗಸರು "ಸೊನೊ ವೆಜೆತರಿಯಾನಾ". ಅಷ್ಟಕ್ಕೆ ನಿಲ್ಲಿಸಬೇಡಿ. "ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ, ಸೆನ್ಸಾ ಉವೋವಾ" ಎಂದು ಸೇರಿಸಿ. ಮಾಂಸ, ಮೀನು, ಮೊಟ್ಟೆ ಇಲ್ಲದೆ ಎಂದರ್ಥ. ನಂತರ ಮುಖ್ಯವಾದದ್ದು "ಬ್ರೋದೊ". ಅಂದರೆ ಸಾರು. ರಿಸೊತ್ತೊ ಅನ್ನವನ್ನು ಮಾಂಸದ ಅಥವಾ ಮೀನಿನ ಸಾರಿನಲ್ಲಿ ಬೇಯಿಸುವುದು ಸಾಮಾನ್ಯ. ರೀಸಿ ಎ ಬೀಸಿ ಎಂಬ ಬಟಾಣಿ ಅನ್ನ ನೋಡಲು ನಮ್ಮ ಅಡುಗೆಯಂತೆಯೇ ಇದೆ, ಆದರೆ ಅದಕ್ಕೂ ಹಂದಿ ಮಾಂಸದ ತುಣುಕು ಹಾಕುವುದುಂಟು. ಬಿಗೊಲಿ ಇನ್ ಸಾಲ್ಸಾ ಎಂಬ ಶಾವಿಗೆಯಲ್ಲಿ ತುಣುಕು ಕಾಣದಿದ್ದರೂ ಇಡೀ ಗೊಜ್ಜೇ ಆಂಚೊವಿ ಮೀನಿನದು. ಪಾರ್ಮೆಜಾನ್ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನವರು "ಸೆನ್ಸಾ ಫೊರ್ಮಾಜೊ" ಎಂದೂ ಹೇಳಬೇಕು.

ನೆಮ್ಮದಿಯಿಂದ ತಿನ್ನಬಹುದಾದದ್ದೂ ಬಹಳ ಇದೆ. ಬೇಯಿಸಿದ ಆರ್ಟಿಚೋಕ್ ತಳಕ್ಕೆ ಬೆಳ್ಳುಳ್ಳಿ, ಎಣ್ಣೆ. ಸುಟ್ಟ ಬದನೆ, ಸಿಹಿಗುಂಬಳದ ಹಚ್ಚು, ಆಲಿವ್, ಗೋರ್ಗೊನ್ಝೋಲಾ ಚೀಸ್ ಮತ್ತು ಅಕ್ರೋಟು ಇಟ್ಟ ಬ್ರೆಡ್ಡು (ಈ ಚೀಸ್‌ಗೂ ಕರುವಿನ ರೆನೆಟ್ಟೇ, ಕಟ್ಟುನಿಟ್ಟಿನವರಿಗೆ ಬೇಡ), ಕರಿದ ಪೊಲೆಂತಾ, ಟೊಮೆಟೊ ಗೊಜ್ಜಿನ ಪಾಸ್ತಾ. ಪಾಸ್ತಾ ಒಣಗಿದ್ದೋ ಹಸಿದೋ ಕೇಳಿ, ಹಸಿ ಪಾಸ್ತಾಕ್ಕೆ ಹೆಚ್ಚಾಗಿ ಮೊಟ್ಟೆ ಸೇರಿರುತ್ತದೆ. ತಿರಾಮಿಸು ಎಂಬ ಸಿಹಿಯಲ್ಲೂ ಮೊಟ್ಟೆ ಇದೆ. ಹಣ್ಣಿನ ಸೊರ್ಬೆತ್ತೊ ಐಸ್‌ಕ್ರೀಮಿಗೆ ಹಾಲೂ ಸೇರಿರುವುದಿಲ್ಲ. ಅಮ್ಮನಿಗೆ ನಿಂಬೆಯದು ಎಷ್ಟು ಹಿಡಿಸಿತೆಂದರೆ ದಿನಕ್ಕೆ ಎರಡು ಸಲ ಆಯಿತು.

ನೀರಿನ ಮೇಲೆ ಓಡಾಟ

ವಾಪೊರೆತ್ತೊ ಇಲ್ಲಿನ ಸಿಟಿ ಬಸ್. ಒಂದು ಟಿಕೆಟ್‌ಗೆ 9.50 ಯೂರೋ, 75 ನಿಮಿಷ. ದುಬಾರಿ. ಮೂರು ದಿನ ಇರುವವರಿಗೆ 72 ಗಂಟೆಯ ಪಾಸ್ ಲಾಭ, ಅದು 45 ಯೂರೋ ಇತ್ತು. ಹತ್ತುವ ಮುಂಚೆ ಪ್ರತಿ ಸಲವೂ ಯಂತ್ರಕ್ಕೆ ಟಿಕೆಟ್ ಮುಟ್ಟಿಸಲೇಬೇಕು. ಒಂದನೇ ನಂಬರಿನ ದೋಣಿ ದೊಡ್ಡ ಕಾಲುವೆಯ ಎಲ್ಲ ನಿಲ್ದಾಣಗಳಲ್ಲಿ ನಿಲ್ಲುತ್ತದೆ. ರಾತ್ರಿ ಒಂಬತ್ತರ ನಂತರ ರೈಲು ನಿಲ್ದಾಣದಲ್ಲಿ ಅದನ್ನು ಹತ್ತಿ, ಮುಂದೆ ಹೊರಗಿನ ಸೀಟು ಸಿಕ್ಕರೆ ಕೂತುಬಿಡಿ. ಸಾನ್ ಮಾರ್ಕೊ ತನಕ ಸುಮಾರು ಮುಕ್ಕಾಲು ಗಂಟೆ. ಅರಮನೆಗಳ ಒಳಗೆ ದೀಪ ಹೊತ್ತಿರುತ್ತದೆ, ಬಣ್ಣ ಬಳಿದ ಮಾಡುಗಳು ಕಿಟಕಿಯಿಂದ ಕಾಣುತ್ತವೆ. ಇದಕ್ಕಿಂತ ಒಳ್ಳೆಯ ದೋಣಿ ಟೂರ್ ಇಲ್ಲ.

ಗೊಂಡೊಲಾಗೆ ನಗರಸಭೆಯೇ ದರ ನಿಗದಿ ಮಾಡಿದೆ. 2023ರ ನವೆಂಬರ್‌ನಿಂದ ಹಗಲು 30 ನಿಮಿಷಕ್ಕೆ 90 ಯೂರೋ, ಸಂಜೆ ಏಳರ ನಂತರ 35 ನಿಮಿಷಕ್ಕೆ 110. ಇದು ತಲೆಗಲ್ಲ, ಇಡೀ ದೋಣಿಗೆ. ಐದು ಜನರ ತನಕ ಕೂರಬಹುದು. ಹತ್ತುವ ಮುಂಚೆ ಹೊತ್ತು ಮತ್ತು ದಾರಿ ಮಾತಾಡಿಕೊಳ್ಳಿ, ಒಳಗಿನ ಚಿಕ್ಕ ಕಾಲುವೆಗಳನ್ನೇ ಕೇಳಿ. ಅಷ್ಟು ದುಡ್ಡು ಬೇಡ ಎಂದರೆ ಮೀನು ಮಾರುಕಟ್ಟೆಯ ಎದುರಿನಿಂದ ಸಾಂತಾ ಸೊಫಿಯಾಕ್ಕೆ ತ್ರಾಗೆತ್ತೊ ಇದೆ. ಗೊಂಡೊಲಾದಂತಹ ದೋಣಿಯಲ್ಲಿ ದೊಡ್ಡ ಕಾಲುವೆ ದಾಟಿಸುತ್ತಾರೆ, 2 ಯೂರೋ. ನಮ್ಮ ಕಡವಿನ ದೋಣಿಯ ಹಾಗೆಯೇ.

ಕೈ ಕಾಲು ಗಟ್ಟಿ ಇರುವವರು ವೆನಿಸ್ ಶೈಲಿಯಲ್ಲಿ ನಿಂತು ಹುಟ್ಟು ಹಾಕುವ ಪಾಠ ತೆಗೆದುಕೊಳ್ಳಬಹುದು. ರೋ ವೆನಿಸ್ ಎಂಬ ಹೆಂಗಸರ ಸಂಸ್ಥೆ ಮರದ ಹಳೆಯ ಮಾದರಿಯ ದೋಣಿಯಲ್ಲಿ ಇದನ್ನು ಕಲಿಸುತ್ತದೆ. ಹುಟ್ಟು ಒರಗುವ ಮರದ ಕೊಂಡಿಗೆ ಅದನ್ನು ಕಟ್ಟುವುದಿಲ್ಲ, ಹಾಗಾಗಿ ಮೊದಲ ಹತ್ತು ನಿಮಿಷ ಜಾರುತ್ತಲೇ ಇರುತ್ತದೆ. ಕೈಗೆ ಬಂದ ಮೇಲೆ ಇಳಿಯಲು ಮನಸ್ಸಾಗುವುದಿಲ್ಲ.

ಎರಡನೇ ದಿನ: ಸಾನ್ ಮಾರ್ಕೊ

ಬಸಿಲಿಕಾ ಚರ್ಚ್‌ಗೆ ಹೊತ್ತು ನಿಗದಿಯಾದ ಟಿಕೆಟ್ ಆನ್‌ಲೈನ್‌ನಲ್ಲಿ ಮುಂಚೆಯೇ ತೆಗೆಯಿರಿ. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. 828ರಲ್ಲಿ ವೆನಿಸ್ ವ್ಯಾಪಾರಿಗಳು ಅಲೆಕ್ಸಾಂಡ್ರಿಯಾದಿಂದ ಸಂತ ಮಾರ್ಕನ ದೇಹವನ್ನು ಹಂದಿ ಮಾಂಸದ ಕೆಳಗೆ ಅಡಗಿಸಿ ಕದ್ದು ತಂದರೆಂಬ ಕಥೆ ಹೊರಗಿನ ಮೊಸಾಯಿಕ್ ಚಿತ್ರದಲ್ಲೇ ಇದೆ. ಬಾಗಿಲ ಮೇಲಿನ ಕುದುರೆಗಳು ಪ್ರತಿಗಳು. 1204ರಲ್ಲಿ ಕಾನ್‌ಸ್ಟಾಂಟಿನೋಪಲ್ ಲೂಟಿ ಮಾಡಿ ತಂದ ಅಸಲಿ ಕುದುರೆಗಳು ಮಹಡಿಯ ಮ್ಯೂಸಿಯಂನಲ್ಲಿವೆ. ಅದಕ್ಕೆ ಬೇರೆ ಟಿಕೆಟ್, ತೆಗೆದುಕೊಳ್ಳಿ.

ಪಕ್ಕದಲ್ಲೇ ಇರುವ, ಹಿಂದೆ ವೆನಿಸ್‌ನ ಮುಖ್ಯಸ್ಥನಾಗಿದ್ದ ದೊಜೆಯ ಅರಮನೆಯಲ್ಲಿ "ರಹಸ್ಯ ದಾರಿಗಳು" ಎಂಬ ಗೈಡ್ ಟೂರ್ ಇದೆ. ಎರಡನೇ ಟೂರ್ ಎಂದದ್ದು ಇದನ್ನೇ. ಸಾಮಾನ್ಯ ಟಿಕೆಟ್‌ನಲ್ಲಿ ಕಾಣದ ಗುಮಾಸ್ತರ ಕೋಣೆಗಳು, ವಿಚಾರಣೆಯ ಕೋಣೆ, ಸೀಸದ ಮಾಡಿನ ಕೆಳಗಿನ ಸೆರೆಮನೆ. 1756ರಲ್ಲಿ ಕಾಸನೋವಾ ಎಂಬ ಹೆಸರಾಂತ ಸಾಹಸಿ ತಪ್ಪಿಸಿಕೊಂಡದ್ದು ಅಲ್ಲಿಂದಲೇ. ಹೊರಗಿನ ಅಮೃತಶಿಲೆಯ ಅರಮನೆಗೂ ಒಳಗಿನ ಇಕ್ಕಟ್ಟಾದ ಮರದ ಕಚೇರಿಗಳಿಗೂ ಎಷ್ಟು ಅಂತರ ಅನ್ನುವುದು ಈ ಟೂರ್‌ನಲ್ಲೇ ಗೊತ್ತಾಗುವುದು. ಮೆಟ್ಟಿಲು ಕಡಿದು, ದಾರಿ ಕಿರಿದು. ಮಂಡಿ ನೋವಿನವರು ಅರಮನೆಯ ಸಾಮಾನ್ಯ ಟಿಕೆಟ್ ತೆಗೆದುಕೊಳ್ಳಲಿ. ಇದು ಬೇಗ ತುಂಬುತ್ತದೆ, ಪ್ರಯಾಣ ಗಟ್ಟಿಯಾದ ಕೂಡಲೇ ಬುಕ್ ಮಾಡಿ.

ಚೌಕದಲ್ಲಿ ನೆಲದ ಮೇಲೆ ಕೂತು ಬುತ್ತಿ ಬಿಚ್ಚಿದರೆ ದಂಡ. ಪಾರಿವಾಳಕ್ಕೆ ಕಾಳು ಹಾಕಿದರೂ ದಂಡ. 1720ರಿಂದ ಇರುವ ಕಾಫೆ ಫ್ಲೋರಿಯಾನ್‌ನಲ್ಲಿ ಕೂತು ಕಾಫಿ ಕುಡಿಯುವುದಾದರೆ ಸಂಗೀತಕ್ಕೂ ಬೇರೆ ದುಡ್ಡು ಸೇರುತ್ತದೆ ಎಂದು ಗೊತ್ತಿರಲಿ. ಬೇರೆಲ್ಲ ಕಡೆ ಕೌಂಟರಿನಲ್ಲಿ ನಿಂತು ಕುಡಿದರೆ ಕಡಿಮೆ ಬೆಲೆ. ಹೋಟೆಲ್ ಬಿಲ್ಲಿನಲ್ಲಿ "ಕೊಪೆರ್ತೊ" ಎಂದು ತಲೆಗೆ ಎರಡು ಮೂರು ಯೂರೋ ಬಂದರೆ ಅದು ಮೋಸವಲ್ಲ, ಮೇಜಿನ ಶುಲ್ಕ. ನೀರಿನ ಬಾಟಲಿ ಕೊಳ್ಳಬೇಡಿ. ಬಯಲುಗಳಲ್ಲಿ ಕುಡಿಯುವ ನೀರಿನ ನಲ್ಲಿಗಳಿವೆ.

ಮೂರನೇ ದಿನ: ದ್ವೀಪಗಳು

ಫೊಂಡಮೆಂತೆ ನೋವೆಯಿಂದ 12ನೇ ನಂಬರಿನ ದೋಣಿ ಮುರಾನೊ ಮೂಲಕ ಬುರಾನೊಗೆ ಹೋಗುತ್ತದೆ. ಪಾಸ್ ಇದ್ದರೆ ಬೇರೆ ಟಿಕೆಟ್ ಬೇಡ. ಬೆಂಕಿಯ ಭಯಕ್ಕೆ 1291ರಲ್ಲಿ ಗಾಜಿನ ಕುಲುಮೆಗಳನ್ನು ಮುರಾನೊಗೆ ಕಳಿಸಿದರು. ಮುರಾನೊಗೆ ಉಚಿತ ದೋಣಿ ಎಂದು ಕರೆದರೆ ಹತ್ತಬೇಡಿ, ಅದು ಒಂದೇ ಅಂಗಡಿಯ ಬಾಗಿಲಿಗೆ ಹೋಗುತ್ತದೆ. ಬುರಾನೊದಲ್ಲಿ ಬಣ್ಣದ ಮನೆಗಳು, ಕಸೂತಿ, ಬುಸ್ಸೊಲಾ ಎಂಬ ಬಳೆಯಾಕಾರದ ಬೆಣ್ಣೆ ಬಿಸ್ಕತ್ತು. ಅದರಲ್ಲಿ ಮೊಟ್ಟೆ ಇದೆ.

ನನ್ನ ಮನಸ್ಸು ಹೋಗುವುದು 13ನೇ ನಂಬರಿನ ದೋಣಿಯ ಕಡೆಗೆ. ಅದು ಸಾಂತ್ ಎರಾಸ್ಮೊಗೆ ಹೋಗುತ್ತದೆ. ವೆನಿಸ್‌ನ ಕೈತೋಟ ಅದು. ನೋಡುವ ಕಟ್ಟಡ ಹೆಚ್ಚಿಲ್ಲ. ಮಣ್ಣಿನ ದಾರಿ, ಆರ್ಟಿಚೋಕ್ ಸಾಲುಗಳು, ಬದಿಯಲ್ಲಿ ನೀರು. ಮೊದಲ ದಿನ ಮಾರುಕಟ್ಟೆಯಲ್ಲಿ ಕಂಡ ಮೊಗ್ಗು ಗಿಡದ ಮೇಲಿರುವುದನ್ನು ನೋಡಿ ಅಮ್ಮ ಬೇಲಿಯ ಪಕ್ಕ ತುಂಬಾ ಹೊತ್ತು ನಿಂತರು. ತೋಟದಾಕೆ ಅಲ್ಲಿಂದಲೇ ಕೈಬೀಸಿ, ಒಂದು ಎಳೆ ಮೊಗ್ಗು ಕೊಯ್ದು ತಂದು ಕೊಟ್ಟರು. ಹಸಿಯಾಗಿಯೇ ತಿನ್ನಬಹುದು ಎಂದು ಕೈಸನ್ನೆ ಮಾಡಿದರು. ಸ್ವಲ್ಪ ಕಹಿ, ಆಮೇಲೆ ಸಿಹಿ.

ವಾಪಸ್ ಬರುವ ದೋಣಿಗಳು ಕಡಿಮೆ. ಇಳಿದ ಕೂಡಲೇ ನಿಲ್ದಾಣದ ವೇಳಾಪಟ್ಟಿಯ ಫೋಟೊ ತೆಗೆದುಕೊಳ್ಳಿ.